ಪೆಂಗ್ವಿನ್ನುಗಳ ಊರಿಗೆ ಹೋದ ಲಾರಿಗಳು

ಮಿಲ್ವಾಕಿಯ ಆ ಪುಟ್ಟ ಕಂಪನಿಯಲ್ಲಿ ಡೇರೆಲ್ ಪರದೆಯ ಮೇಲಿನ ಬಟನ್ನುಗಳಿಗೆ ಬಣ್ಣ ಹಚ್ಚಿಕೊಂಡು ಸುಖವಾಗಿದ್ದ. ಪರದೆಯ ಹಿಂದೆ ನಡೆಯುವ ಸರ್ವರ್ ಕೆಲಸಕ್ಕೆ ಮಾರ್ವಿನ್ ಒಬ್ಬನೇ ಸಾಲದಾದ. ಇನ್ನೊಬ್ಬನಿಗೆ ಸಂಬಳ ಕೊಡಲು ಒಡತಿ ಗ್ರೆಚನ್‌ಗೆ ಕೈ ಬರಬೇಕಲ್ಲ!

"ಡೇರೆಲ್, ಸರ್ವರ್ ಕೆಲ್ಸದ ಭಾಷೆ ಪೈಥಾನ್ ಕಲ್ತ್ಕೋ. ಹಿಮ ಎತ್ತೋ ಲಾರಿಗಳು ಎಲ್ಲೆಲ್ಲಿವೆ ಅಂತ ಮ್ಯಾಪಲ್ಲಿ ತೋರ್ಸೋ ಸಾಫ್ಟ್‌ವೇರ್ ಮಾಡು. ನಗರಸಭೆಯವ್ರು ಒಪ್ಪಿದ್ರೆ ನಿನ್ ಕೆಲ್ಸ ಉಳೀತು. ಇಲ್ಲಾಂದ್ರೆ ಇಲ್ಲ," ಎಂದು ನಕ್ಕಳು. ಇಂಥವರಿಗೆ ದೇವರು ಹಲ್ಲು ಕೊಡುವುದೇ ಇಂಥ ಮಾತಿಗೆ.

ಬಾವಿಗೆ ಬಿದ್ದ ಬೆಕ್ಕು ಈಜು ಕಲಿತ ಹಾಗೆ ಡೇರೆಲ್ ಕಲಿತ.

ನಗರಸಭೆಯ ಶ್ರೀಮತಿ ಪ್ಲಾಟ್ಸ್ ಬರುವ ದಿನ ಬೆಳಿಗ್ಗೆ ಮ್ಯಾಪ್ ತೆರೆದರೆ ಊರಲ್ಲಿ ಒಂದು ಲಾರಿಯೂ ಇಲ್ಲ. ಎಲ್ಲವೂ ಅಂಟಾರ್ಕ್ಟಿಕಾದಲ್ಲಿ ಗುಂಪುಗೂಡಿವೆ!

ಮಾರ್ವಿನ್ ಇಣುಕಿದ. "ಏನಯ್ಯಾ, ಪೆಂಗ್ವಿನ್ನುಗಳಿಗೆ ರಸ್ತೆ ಗುಡಿಸ್ತಿದ್ದೀಯಾ? ಅಕ್ಷಾಂಶ ರೇಖಾಂಶ ಹಿಂದುಮುಂದಾಗಿದೆ ಕಣೋ. ಎಲ್ರೂ ಒಂದ್ಸಲ ಮಾಡೋ ತಪ್ಪೇ. ಸರ್ವರಲ್ಲಿ ಅದಲುಬದಲು ಮಾಡು, ಸಾಕು. ನಾನ್ ಮಾಡ್ಲಾ?"

"ಬೇಡ ಬೇಡ, ನಂಗೆ ಬರತ್ತೆ!"

ಬರುತ್ತಿರಲಿಲ್ಲ. ಪೈಥಾನಿನಲ್ಲಿ ಒಂದು ಸಾಲು ಮುಟ್ಟಿದರೆ ಹತ್ತು ಸಾಲು ಕಚ್ಚುತ್ತಿದ್ದವು. ಹಾಗೆಂದು ಬಾಯಿಬಿಟ್ಟರೆ ಮಾನ ಹೋಗುತ್ತದೆ. ಸರ್ವರಿನ ತಂಟೆಗೇ ಹೋಗದೆ, ತನ್ನ ಹಳೆಯ ಬಟನ್ನು-ಬಣ್ಣದ ಕಡೆಯಲ್ಲೇ ಕದ್ದುಮುಚ್ಚಿ ಎರಡು ಅಂಕಿಗಳನ್ನು ಅದಲುಬದಲು ಮಾಡಿದ. ಲಾರಿಗಳು ಕುರಿಮಂದೆಯಂತೆ ಊರಿಗೆ ಮರಳಿದವು. ಡೇರೆಲ್ ಶಿಳ್ಳೆ ಹಾಕುತ್ತ ಶ್ರೀಮತಿ ಪ್ಲಾಟ್ಸ್‌ರನ್ನು ಕರೆತರಲು ಹೋದ.

ಮಾರ್ವಿನ್‌ಗೆ ತಡೆಯಲಾಗಲಿಲ್ಲ. ಸರ್ವರ್ ನೋಡಿದರೆ ತಪ್ಪು ಹಾಗೇ ಇತ್ತು. 'ಪಾಪ, ಇವನ ಕೈಲಿ ಆಗಿರಲ್ಲ' ಎಂದು ಸರ್ವರಿನಲ್ಲಿ ತಾನೇ ಅದಲುಬದಲು ಮಾಡಿಬಿಟ್ಟ.

ಎರಡು ಸಲ ತಿರುಗಿಸಿದ ದೋಸೆ ಮೊದಲಿನ ಮಗ್ಗುಲಿಗೇ ಬಂತು. ಎಲ್ಲರ ಎದುರು ಲಾರಿಗಳು ಮತ್ತೆ ಅಂಟಾರ್ಕ್ಟಿಕಾ ಸೇರಿದವು.

"ಅಲ್ಲಪ್ಪಾ," ಶ್ರೀಮತಿ ಪ್ಲಾಟ್ಸ್ ಕನ್ನಡಕ ಏರಿಸಿದರು, "ನಮ್ ಡ್ರೈವರ್‌ಗಳು ಕಾಫಿಗೆ ಅಂತ ಇಷ್ಟು ದೂರ ಹೋಗ್ತಾರಾ?"

"ಒಂದ್ನಿಮಿಷ ಮೇಡಂ!" ಡೇರೆಲ್‌ಗೆ ಒಮ್ಮೆಲೇ ಹೊಳೆಯಿತು, ಇದು ಮಾರ್ವಿನ್ ಕೈವಾಡ. ಓಡಿಹೋಗಿ ತಾನು ಮಾಡಿದ್ದನ್ನು ಅಳಿಸಿದ. ಅದೇ ಗಳಿಗೆಗೆ ಆಚೆ ಮೂಲೆಯಲ್ಲಿ ಮಾರ್ವಿನ್‌ಗೂ ಹೊಳೆಯಿತು. ಅವನೂ ತಾನು ಮಾಡಿದ್ದನ್ನು ಅಳಿಸಿದ.

ಎರಡು ತಿದ್ದುಪಡಿಯೂ ಹೋಗಿ ಬೆಳಗಿನ ತಪ್ಪೇ ಉಳಿಯಿತು; ಲಾರಿಗಳು ಅಂಟಾರ್ಕ್ಟಿಕಾದಿಂದ ಕದಲಲಿಲ್ಲ. ಶ್ರೀಮತಿ ಪ್ಲಾಟ್ಸ್ ಎದ್ದು ಕೋಟು ಹಾಕಿಕೊಂಡು ಹೊರಟೇಬಿಟ್ಟರು.

ಗ್ರೆಚನ್ ಬಾಗಿಲು ಮುಚ್ಚಿದಳು. "ಯಾರ್ ಮಾಡಿದ್ದಿದು?"

ಡೇರೆಲ್ ಮಾರ್ವಿನ್‌ನನ್ನು ನೋಡಿದ. ಅವನಿಗೆ ಇಬ್ಬರು ಮಕ್ಕಳು, ಮನೆಯ ಸಾಲ. ಬೆಳಿಗ್ಗೆ ತಾನು ಒಂದು ಮಾತು, 'ನಂಗೆ ಬರಲ್ಲ ಕಣೋ' ಅಂದಿದ್ದರೆ ಆಗುತ್ತಿತ್ತು. ಇವನನ್ನಾದರೂ ಉಳಿಸೋಣ ಎಂದು ಬಾಯಿಬಿಟ್ಟ.

"ನಾನೇ," ಎಂದ ಡೇರೆಲ್.

"ನಾನೇ," ಎಂದ ಮಾರ್ವಿನ್, ಅದೇ ಗಳಿಗೆಗೆ.

"ಒಳ್ಳೇದಾಯ್ತು," ಎಂದಳು ಗ್ರೆಚನ್. "ಇಬ್ರೂ ಹೊರಡಿ."