ನಲವತ್ತೆಂಟನೆಯ ಶಾಲು

ಲೋಕನಾಥರ ಮನೆಯಲ್ಲಿ ನಲವತ್ತೇಳು ಶಾಲುಗಳಿದ್ದವು. ನಾಲ್ಕು ತಿಂಗಳು ಅಂಟಾರ್ಕ್ಟಿಕಾದಲ್ಲಿ ಹವಾಮಾನ ಅಳೆದು ಬಂದ ಮೇಲೆ, ಇಪ್ಪತ್ತಾರು ವರ್ಷಗಳಲ್ಲಿ ಅವರು ಮಾಡಿದ ಭಾಷಣಗಳೂ ನಲವತ್ತೇಳೇ. ಭಾಷಣಕ್ಕೊಂದು ಶಾಲು; ಈ ಅನುಪಾತ ಒಮ್ಮೆಯೂ ತಪ್ಪಿರಲಿಲ್ಲ.

"ನಮ್ಮ ಮಣ್ಣಗುಡ್ಡದ ಸೆಖೆಗೆ ಶಾಲು ಎಂತಕ್ಕೆ ಮಾರಾಯ್ರೆ? ನನ್ನ ಸೀರೆ ಇಡ್ಲಿಕ್ಕೆ ಜಾಗ ಇಲ್ಲ," ಎಂದರು ಹೆಂಡತಿ ಶಶಿಪ್ರಭಾ. "ಇನ್ನೊಂದು ಶಾಲು ಹೊದ್ದುಕೊಂಡು ಬಂದ್ರೆ ನೀವು ವರಾಂಡದಲ್ಲೇ ಇರಿ."

"ಶಾಲು ಬೇಡ ಅಂತ ವಾಚನಾಲಯದವರಿಗೆ ಹೇಳ್ತೇನೆ. ಆದ್ರೆ ಈ ಸಲ ನೀನು ಭಾಷಣಕ್ಕೆ ಬರ್ಬೇಕು."

"ಬರ್ತೇನೆ. ಹಾಲ್‌ನಲ್ಲಿ ಏಸಿ ಉಂಟಂತೆ, ಸ್ವೆಟರ್ ಇಟ್ಕೊಳ್ಳಿ."

"ಮೈನಸ್ ಮೂವತ್ತರಲ್ಲಿ ನಿಂತವ ನಾನು."

(ಮನೆಯ ಫ್ಯಾನು ಮೂರಕ್ಕೆ ಹೋದರೆ ಈ ಧ್ರುವವೀರರಿಗೆ ಸೀನು ಶುರುವಾಗುತ್ತಿತ್ತು.) ಶಶಿಪ್ರಭಾ ಗಂಡನ ಒಂದು ಭಾಷಣವನ್ನೂ ಕೇಳಿದವರಲ್ಲ. ತಾನು ಚಳಿಗೆ ಜಗ್ಗುವವನಲ್ಲ ಎಂದು ಹೆಂಡತಿ ಒಮ್ಮೆ ಕಣ್ಣಾರೆ ಕಾಣಬೇಕು. ಲೋಕನಾಥರಿಗಿದ್ದದ್ದು ಅದೊಂದೇ ಆಸೆ.

ಭಾಷಣ ಏರ್ಪಡಿಸಿದವರು ವಾಚನಾಲಯದ ಅಧ್ಯಕ್ಷ ಉಮರಬ್ಬ. ಉಳ್ಳಾಲದಲ್ಲಿ ಮೀನು ದೋಣಿಗಳಿಗೆ ಐಸ್ ಒದಗಿಸುವ ಕಾರ್ಖಾನೆ ಅವರದು. ಭಾನುವಾರ ಬೆಳಿಗ್ಗೆ ಲೋಕನಾಥರು ವೇದಿಕೆ ಹತ್ತಿದಾಗ ಎರಡೂ ಬದಿಗೆ ಆಳೆತ್ತರದ ಐಸ್ ಗಟ್ಟಿಗಳು, ಅವುಗಳ ಹಿಂದೆ ಒಂದೊಂದು ಫ್ಯಾನು. ಏಸಿ ಹದಿನಾರರಲ್ಲಿತ್ತು.

"ವಾತಾವರಣ ಬೇಕಲ್ಲ ಸರ್," ಎಂದರು ಉಮರಬ್ಬ.

ಫ್ಯಾನು ನಿಲ್ಲಿಸಿ ಎನ್ನಬಹುದಿತ್ತು. ಆದರೆ ಮೊದಲ ಸಾಲಿನಲ್ಲಿ ಶಶಿಪ್ರಭಾ ಕುಳಿತಿದ್ದರು. ಐದನೇ ನಿಮಿಷಕ್ಕೆ ಲೋಕನಾಥರ ಹಲ್ಲು ಕಟಕಟ ಎಂದಿತು. ಅಭಿನಯವೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಅವರ ಕೈಯ ಲೇಸರ್ ಚುಕ್ಕೆ ಪರದೆಯ ನಕ್ಷೆಯಲ್ಲಿ ದಕ್ಷಿಣ ಧ್ರುವದ ಮೇಲೆ ನಿಲ್ಲಲಾರದೆ ಆಫ್ರಿಕಾದವರೆಗೂ ಹೋಗಿ ಬಂತು. ತೊಂಬತ್ತು ನಿಮಿಷದ ಭಾಷಣ ಇಪ್ಪತ್ತೆರಡಕ್ಕೆ ಮುಗಿಯಿತು.

ಇನ್ನು ಉಳಿದ ಭರವಸೆ ಸನ್ಮಾನ. ಶಾಲು ಬೇಡವೆಂದದ್ದನ್ನು ಸಂಘಟಕರು ಕೇಳಿದ ಉದಾಹರಣೆ ಅವರ ಅನುಭವದಲ್ಲಿ ಇರಲಿಲ್ಲ. ಎಣಿಸಿದ ಹಾಗೇ ಹರಿವಾಣ ಬಂತು; ಅದರಲ್ಲಿ ಶಾಲು, ಅದೂ ದಪ್ಪ ಉಣ್ಣೆಯದು. ಹೆಸರು ಕರೆಯುವ ಮೊದಲೇ ಲೋಕನಾಥರು ಕುತ್ತಿಗೆ ಬಗ್ಗಿಸಿದರು.

ಹರಿವಾಣ ಅವರನ್ನು ದಾಟಿ ಮೆಟ್ಟಿಲಿಳಿಯಿತು.

"ನಮ್ಮ ಸರ್ ಶಾಲು ಖಂಡಿತ ಬೇಡ ಅಂದಿದ್ದಾರೆ," ಎಂದು ಉಮರಬ್ಬ ಮೈಕಿನಲ್ಲಿ ಸಾರಿದರು. "ಹಾಗಾಗಿ ಅದು ಮೇಡಂಗೆ." ಅವರ ಹೆಂಡತಿ ರುಖಿಯಾ ಶಶಿಪ್ರಭಾರಿಗೆ ಶಾಲು ಹೊದಿಸಿದರು. ಲೋಕನಾಥರ ಕೈಗೆ ಬಂದದ್ದು ಥರ್ಮೊಕೋಲ್ ಪೆಟ್ಟಿಗೆ. ಒಳಗೆ ಎರಡು ಕಿಲೋ ಅಂಜಲ್ ಮೀನು, ಐದು ಕಿಲೋ ಐಸ್.

ರಿಕ್ಷಾದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಮೆಲ್ಲಗೆ ಕೇಳಿದರು: "ಶಶಿ, ಆ ಶಾಲು ಸ್ವಲ್ಪ ಕೊಡ್ತೀಯಾ?"

"ಅದಕ್ಕೆಂತ, ಹೊದ್ದುಕೊಳ್ಳಿ. ಕರಾರು ನೆನಪುಂಟಲ್ಲ?"

ಮನೆ ತಲುಪುವಾಗ ಹೊರಗೆ ಮೂವತ್ತನಾಲ್ಕು ಡಿಗ್ರಿ. ಲೋಕನಾಥರು ಉಣ್ಣೆಯ ಶಾಲು ಹೊದ್ದು ವರಾಂಡದಲ್ಲಿ ಕುಳಿತರು. ಶಶಿಪ್ರಭಾ ಕಿಟಕಿಯ ಸರಳಿನ ನಡುವಿನಿಂದ ಶುಂಠಿ ಕಷಾಯದ ಲೋಟ ದಾಟಿಸಿದರು.