ಬೆಂಕಿಯೇ ಇಲ್ಲದ ಬೆಂಕಿಯ ಪೋಸ್ಟರು

ನಮ್ಮ ಕಾಕಾನಷ್ಟು ಧೈರ್ಯವಂತ ಬೇಡಕಿಹಾಳದಲ್ಲೇ ಇನ್ನೊಬ್ಬನಿರಲಿಲ್ಲ, ಕಡ್ಡಿಪೆಟ್ಟಿಗೆಯ ಮಾತೊಂದನ್ನು ಬಿಟ್ಟು! ಹಾವು ಬಂದರೆ ಕೋಲಿನಿಂದ ಮೆಲ್ಲಗೆ ಎತ್ತಿ ಬೇಲಿಯಾಚೆ ಬಿಟ್ಟು ಬರುತ್ತಿದ್ದ. ಆದರೆ ಯಾರಾದರೂ ಕಡ್ಡಿ ಗೀರಿದರೋ, ಮೂರು ಹೆಜ್ಜೆ ಹಿಂದೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಈ ಪದ್ಧತಿ ಕಾಕಾನಿಗೆ ಬಲು ಇಷ್ಟ, ಯಾಕೆಂದರೆ ಒಲೆ ಬೇಗ ಆರುತ್ತದೆ! ಆರಿದ ಒಲೆಗೂ ಅವನು ಒಂದು ತಂಬಿಗೆ ನೀರು ಹಾಕುತ್ತಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ನಮ್ಮ ಪುಣ್ಯ. ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಚಹಾಕ್ಕಿಟ್ಟ ಒಲೆಗೂ ನೀರು ಸುರಿದು ಬಂದ.

"ಮಾಸ್ತರಾ, ಇನ್ನಾ ಸಕ್ಕರಿನೂ ಹಾಕಿದ್ದಿಲ್ಲೋ!" ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಸದಲಗಾದ ಬಸ್ ನಿಲ್ದಾಣದಲ್ಲಿ ಇನ್ನೊಂದು ಪ್ರತಾಪ. ಗುರುತು ಪರಿಚಯವಿಲ್ಲದವನ ಬಾಯಿಂದ ಬೀಡಿ ಕಿತ್ತು, ಕಾಲಲ್ಲಿ ಹೊಸಕಿ, ಮರ್ಯಾದೆಯಿಂದ ಮರಳಿ ಕೊಟ್ಟ. "ತಗೋರಿ, ಈಗ ಸೇದ್ರಿ. ಏನೂ ಕಾಳಜಿ ಇಲ್ಲ."

ಇಂಥವನು ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ! ನಾನು ಆಗ ಏಳನೆಯ ಇಯತ್ತೆ. ಎಂಬತ್ತರ ದಶಕದ ಮಾತು. ಬೆಂಕಿ ಅನಾಹುತದ ಬಗ್ಗೆ ಮಕ್ಕಳಿಂದ ಒಂದು ಪೋಸ್ಟರ್ ಮಾಡಿಸಿ ಚಿಕ್ಕೋಡಿಗೆ ಕಳಿಸಬೇಕೆಂದು ಕಾಗದ ಬಂತು. ಕಾಕಾ ಮೊದಲು ಮಾಡಿದ ಕೆಲಸವೇನು ಗೊತ್ತೇ? ಕೆಂಪು, ಹಳದಿ ಬಣ್ಣಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ!

"ಚಿತ್ರದಾಗ ಬೆಂಕಿ ಭಾಳ ಚಂದ ಕಾಣತೈತಿ. ಚಂದ ಕಂಡಿದ್ದನ್ನ ಹುಡುಗೂರು ಮುಟ್ಟತಾವು. ನೀರಷ್ಟ ತಗೀರಿ."

ಎರಡು ದಿನ ನಾವು ಬರೀ ಬಕೆಟ್ಟು ಬರೆದೆವು. ಹೆಡ್‌ಮಾಸ್ತರರು ಬಂದು ನೋಡಿ ತಲೆದೂಗಿದರು. "ಛಲೋ ಬಂದೈತ್ರಿ ಮಾಸ್ತರ. ಯಾವೂರ ಹಾಲಿನ ಡೇರಿ ಇದು?"

ಆಗ ಎದ್ದು ನಿಂತವಳು ಶೇವಂತಾ. ಅವಳ ಅಪ್ಪ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದ. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಹಚ್ಚುವುದು ನಮ್ಮ ಕಡೆಯ ರೂಢಿ.

"ಸರ್, ಬಕೀಟ ನೀರಿಗೆ ಹೊಲದ ಬೆಂಕಿ ಆರಂಗಿಲ್ರಿ. ನಮ್ಮಪ್ಪ ಮೊದಲ ಸುತ್ತಲೂ ರವದಿ ಎಳದು ಬೋಳು ನೆಲದ ಪಟ್ಟಾ ಮಾಡ್ತಾನ್ರಿ. ತಿನ್ನಾಕ ಏನೂ ಸಿಗಲಿಲ್ಲಂದ್ರ ಬೆಂಕಿ ಅಲ್ಲೇ ಕುಂದರತೈತ್ರಿ."

"ಕುಂದರತೈತೇನು? ಹಂಗಾರ ಅದಕ್ಕೊಂದು ಮಣೆ ಹಾಕೂಣೇನ?" ಎಂದ ಕಾಕಾ. ನಾವೆಲ್ಲ ನಕ್ಕೆವು. ಶೇವಂತಾ ಕುಳಿತಳು.

ಮರುದಿನ ಮಧ್ಯಾಹ್ನ ಶಾಲೆಯ ಹಿಂದಿನ ಹೊಲದವರು ರವದಿಗೆ ಬೆಂಕಿ ಹಚ್ಚಿದರು. ಗಾಳಿ ನಮ್ಮ ಕಡೆ ತಿರುಗಿತು. ನಮ್ಮ ತರಗತಿಯೋ, ಕಬ್ಬಿನೆಲೆಯ ಚಪ್ಪರ! ಬೇಲಿಯ ಬುಡದಲ್ಲಿ ಮೊಣಕಾಲುದ್ದ ಒಣ ಎಲೆ. ಕಾಕಾ ಓಡಿಹೋಗುತ್ತಾನೆ ಅಂತಲೇ ನಾನು ತಿಳಿದೆ. ಅವನ ಮುಖ ಸುಣ್ಣದಂತಾಗಿತ್ತು. ಆದರೂ ನಮ್ಮನ್ನೆಲ್ಲ ಕೈ ಕೈ ಹಿಡಿಸಿ ರಸ್ತೆಯಾಚೆ ನಿಲ್ಲಿಸಿ ಬಂದ. ಕುಂಚ ತೊಳೆದ ಬಕೆಟ್ಟಿನ ನೀರನ್ನು ಬೆಂಕಿಯತ್ತ ಎರಚಿದ. ಆ ನೀಲಿ ನೀರು ಬೇಲಿಯನ್ನೂ ಮುಟ್ಟಲಿಲ್ಲ!

"ಶೇವಂತಾ! ಪಟ್ಟಾ ಎಷ್ಟ ಅಗಲ ಬೇಕ ಹೇಳವ್ವಾ!"

"ಎರಡ ಮಾರು ಬೇಕ್ರಿ ಸರ್!"

ಕಾಕಾ ಬೋರ್ಡಿನ ಉದ್ದನೆಯ ಸ್ಕೇಲು ಹಿಡಿದು ಎಲೆ ಎಳೆಯತೊಡಗಿದ. ಹೆಡ್‌ಮಾಸ್ತರರು ಪೊರಕೆ ಹಿಡಿದರು. ಹೊಲದವರೂ ಓಡಿ ಬಂದು ಕೈಹಚ್ಚಿದರು. ರಸ್ತೆಯಾಚೆಯಿಂದ ಶೇವಂತಾಳ ಹುಕುಂ ನಡೆದೇ ಇತ್ತು. "ಹೆಡ್‌ಮಾಸ್ತರ, ಆ ಮೂಲ್ಯಾಗ ಉಳದೈತ್ರಿ!" ಮಾರು ದೂರದಲ್ಲಿ ಬೆಂಕಿ. ಕಾಕಾ ಈ ಸಲ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

ಬೋಳು ನೆಲದ ಅಂಚಿಗೆ ಬಂದ ಬೆಂಕಿ ಎರಡು ಸಲ ತಲೆ ಎತ್ತಿ ನೋಡಿ, ಅಲ್ಲೇ ಕುಳಿತುಬಿಟ್ಟಿತು. ಉಸ್ಸಪ್ಪಾ! ಚಪ್ಪರದ ಒಂದು ಎಲೆಯೂ ಸುಡಲಿಲ್ಲ. ಆಮೇಲೆ ಪೋಸ್ಟರಿನಲ್ಲೂ ಪಟ್ಟಾ ಬಂತು. ಚಿಕ್ಕೋಡಿಯವರು ಅದನ್ನು ರಸ್ತೆ ಅಂದುಕೊಂಡರಂತೆ, ಬಹುಮಾನ ಬರಲಿಲ್ಲ.

ಆ ಮಧ್ಯಾಹ್ನ ಹೊಗೆ ನೋಡಿ ಊರಿನ ತಾಯಂದಿರೆಲ್ಲ ಓಡಿ ಬಂದಿದ್ದರು. ಕಾಕಾ ಒಂದೊಂದು ಮಗುವನ್ನೂ ಕೈಹಿಡಿದು ಕರೆತಂದು ತಾಯಿಯ ಕೈಗೇ ಕೊಟ್ಟ. ಶೇವಂತಾಳ ಅವ್ವನಿಗೆ ಮಾತ್ರ ಕೈಮುಗಿದ.

ಕೊನೆಗೆ ಉಳಿದವಳು, ಕಾಕಾನ ಜೊತೆಗೇ ಮನೆಗೆ ಹೋಗಬೇಕಾದ ನಾನೊಬ್ಬಳೇ. ಕಾಕಾ ಕಟ್ಟೆಯ ಮೇಲೆ ಕುಸಿದು ಕೂತು, ನನ್ನ ಎರಡೂ ಕೈ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದ. "ಕಾಕಾ, ನನಗೇನೂ ಆಗಿಲ್ಲೋ" ಎಂದರೂ ಬಿಡಲಿಲ್ಲ. ಹತ್ತನೆಯ ಬೆರಳನ್ನೂ ಮುಟ್ಟಿ ನೋಡಿದ.

"ಎಲ್ಲಾ ಅದಾವು," ಎಂದ. ಆಮೇಲೆ ನನ್ನ ಅಂಗೈಯಲ್ಲಿ ಮುಖವಿಟ್ಟು ಚಿಕ್ಕ ಹುಡುಗನಂತೆ ಅತ್ತ.