ಲಾಲಪ್ಪನ ಪಾಲಿನ ಚಹಾ

ಆ ದಿನ ಲಾಲಪ್ಪನನ್ನು ಪೇಚಿಗೆ ಸಿಕ್ಕಿಸಿದ್ದು ಅವನೇ ಬರೆದು ಗೋಡೆಗೆ ಅಂಟಿಸಿದ್ದ ಒಂದು ಸಾಲು: 'ಹಳ್ಳಿಗೆ ಹೋದಾಗ ಯಾರ ಮನೆಯಲ್ಲೂ ಕೊಟ್ಟ ನೀರು, ಚಹಾ ಬೇಡ ಎನ್ನಬಾರದು.'

ಚಿತ್ತಾಪುರದ ಸಮಪಾಲು ಸಂಸ್ಥೆಯ ಕಚೇರಿಯಲ್ಲಿ, ಕ್ಯಾಲೆಂಡರಿನ ಪಕ್ಕ, ಈ ಸಾಲು ಆರು ವರ್ಷಗಳಿಂದ ಇದೆ. ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವ ಆ ಸಂಸ್ಥೆಗೆ ಪ್ರತಿ ವರ್ಷ ಕಲಬುರಗಿಯ ಕಾಲೇಜೊಂದರಿಂದ ಸಮಾಜಕಾರ್ಯದ ವಿದ್ಯಾರ್ಥಿಗಳು ಒಂದು ತಿಂಗಳ ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಬಂದವರಿಗೆಲ್ಲ ಲಾಲಪ್ಪನೇ ಮೇಲ್ವಿಚಾರಕ. ಮೊದಲ ದಿನವೇ ಅವರನ್ನು ಆ ಸಾಲಿನ ಮುಂದೆ ನಿಲ್ಲಿಸಿ ಮೂರು ಸಲ ಓದಿಸುತ್ತಾನೆ.

ಅವನು ಅದನ್ನು ಸುಮ್ಮನೆ ಬರೆದದ್ದಲ್ಲ. ಅವನು ಸಣ್ಣವನಿದ್ದಾಗ ಊರಿನವರು ಅವನ ಅವ್ವನ ಬೊಗಸೆಗೆ ಮೇಲಿಂದ ನೀರು ಸುರಿಯುತ್ತಿದ್ದರು. ಅವಳು ಕೊಟ್ಟ ನೀರನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ತಂಬಿಗೆ ಹಿಡಿದು ನಿಂತ ಅವ್ವನ ಮುಖ ನೆನಪಾದರೆ ಲಾಲಪ್ಪನಿಗೆ ಇವತ್ತಿಗೂ ಸಂಕಟವಾಗುತ್ತದೆ. ಹಾಗಾಗಿ ಯಾರ ಮನೆಯಲ್ಲೂ ಬೇಡ ಎನ್ನುವುದು ಅವನ ಬಾಯಿಗೆ ಬರುವುದೇ ಇಲ್ಲ.

ಬಾಯಿಗೆ ಬಾರದ್ದು ರಕ್ತಕ್ಕೆ ಬಂದಿತ್ತು. ಮೂರು ತಿಂಗಳ ಹಿಂದೆ ನೋಡಿದಾಗ ಸಕ್ಕರೆ ಇನ್ನೂರ ತೊಂಬತ್ತು. ಶಹಾಬಾದಿನ ಡಾಕ್ಟರ್ ಅತೀಯಾ ಅಂದೇ ಹೇಳಿದ್ದರು: "ಮೂರು ತಿಂಗಳು ಟೈಮ್ ಕೊಡ್ತೀನಿ ಲಾಲಪ್ಪ. ಇನ್ನೂರರ ಒಳಗ ಬಂದ್ರ ಗುಳಿಗಿ ಸಾಕು. ಬರಲಿಲ್ಲಂದ್ರ ದಿನಾ ಇನ್ಸುಲಿನ್ ಸೂಜಿ."

ಸುತ್ತಲಿನ ಹಳ್ಳಿಗಳಿಗೆಲ್ಲ ಲಸಿಕೆ ಹಾಕಿಸಿದ ಲಾಲಪ್ಪನಿಗೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತವೆ. ಕೋವಿಡ್ ಲಸಿಕೆಯ ದಿನ ಸೂಜಿ ತೋಳಿಗೆ ತಾಗುವ ಮೊದಲೇ ನರ್ಸಮ್ಮನ ಮೇಜಿನ ಮೇಲೆ ಅಡ್ಡಬಿದ್ದಿದ್ದ. ಆ ಭಯದಲ್ಲೇ ಮೂರು ತಿಂಗಳು ಜೋಳದ ರೊಟ್ಟಿ, ಹಾಗಲಕಾಯಿ ಪಲ್ಯ, ಸಕ್ಕರೆಯಿಲ್ಲದ ಚಹಾ ಎಂದು ಸನ್ಯಾಸಿಯಂತೆ ಬದುಕಿದ್ದ. ಗಡುವು ಮುಗಿಯುವುದು ಇವತ್ತು. ಸಂಜೆ ಗುಂಡಗುರ್ತಿಯಲ್ಲಿ ಸಂಸ್ಥೆಯದೇ ತಪಾಸಣಾ ಶಿಬಿರ, ಅದೇ ಡಾಕ್ಟರು.

"ಇನ್ನೂರು ದಾಟಿತಂದ್ರ ಸೂಜಿ ನಾನೇ ಚುಚ್ಚತೀನಿ. ನರ್ಸಮ್ಮನ ಕಡಿಂದ ಕಲತೀನಿ," ಎಂದು ಹೆಂಡತಿ ಹಣಮವ್ವ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಹೇಳಿದ್ದಳು. ಅವಳ ದನಿಯಲ್ಲಿದ್ದ ಉಮೇದಿ ಲಾಲಪ್ಪನಿಗೆ ಹಿಡಿಸಲಿಲ್ಲ.

ಗುಂಡಗುರ್ತಿಯ ಬಸ್ಸಿನಲ್ಲಿ ಅವನ ಪಕ್ಕ ಲುಂಬಿನಿ ಕೂತಿದ್ದಳು. ಈ ವರ್ಷದ ಇಂಟರ್ನ್‌ಶಿಪ್ ಹುಡುಗಿ. ಕೈಯಲ್ಲಿ ನೋಟುಬುಕ್ಕು ಹಿಡಿದುಕೊಂಡೇ ಹುಟ್ಟಿದವಳ ಹಾಗೆ ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಇವತ್ತು ಅವಳದು ಕೊನೆಯ ದಿನ. 'ಮೇಲ್ವಿಚಾರಕರಿಂದ ಕಲಿತದ್ದು' ಎಂಬ ಪುಟವೊಂದೇ ಬಾಕಿ.

"ಸರ್, ಚಾ ಮೈಗಿ ಆಗದವರು ಏನು ಮಾಡಬೇಕ್ರಿ?"

"ಕುಡೀಬೇಕು," ಎಂದ ಲಾಲಪ್ಪ ಅಭ್ಯಾಸಬಲದಿಂದ. "ನಾವು ಯಾರ ಮನ್ಯಾಗ ಕುಡೀತೀವಿ, ಯಾರ ಮನ್ಯಾಗ ಬಿಡ್ತೀವಿ ಅಂತ ಊರೇ ನೋಡಾಕತ್ತಿರತದ. ಒಂದು ಮನ್ಯಾಗ ಬ್ಯಾಡ ಅಂದ್ರ ಆ ಮನಿ ಬಾಗಿಲು ಮತ್ತ ತೆರಿಯಂಗಿಲ್ಲ."

ಲುಂಬಿನಿ ಅಕ್ಷರ ಬಿಡದೆ ಬರೆದುಕೊಂಡಳು. ಹೇಳಿ ಮುಗಿಸಿದ ಮೇಲೆ ಲಾಲಪ್ಪನಿಗೆ ತನ್ನ ರಕ್ತದ ನೆನಪಾಯಿತು.

"ಜನರನ್ನ ಶಿಬಿರಕ್ಕ ಕರಿಯಾಕ ಇವತ್ತ ಮನಿ ಮನಿಗಿ ನೀ ಒಬ್ಬಾಕೀನೇ ಹೋಗು. ನಾ ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗ ಇರ್ತೀನಿ."

"ಹಂಗ ನಡಿಯಂಗಿಲ್ಲರಿ ಸರ್. ಮೇಲ್ವಿಚಾರಕರು ಹ್ಯಾಂಗ ಮಾತಾಡ್ತಾರ ಅಂತ ಕೂಡ ನಿಂತು ನೋಡಬೇಕು. ಫಾರ್ಮಿನಾಗ ಅದ."

ಮೊದಲ ಮನೆ ಕಾಶೀನಾಥನದು. ಪಂಚಾಯಿತಿಯ ಮಾಜಿ ಮೆಂಬರು. ಮೆಂಬರಗಿರಿ ಹೋಗಿ ಎಂಟು ವರ್ಷವಾದರೂ ಊರಿನ ಯಾವ ಸಂಗತಿಯೂ ತನ್ನನ್ನು ಬಿಟ್ಟು ನಡೆಯಬಾರದು ಎನ್ನುವವನು. ಲಾಲಪ್ಪ ಅವನ ಕಿವಿಯಲ್ಲಿ ಮೆಲ್ಲಗೆ, "ಅಣ್ಣಾ, ಚಾದಾಗ ಸಕ್ಕರಿ ಬ್ಯಾಡ," ಎಂದ.

"ಏ ಕೇಳಿದೇನು!" ಎಂದು ಕಾಶೀನಾಥ ಅಡುಗೆಮನೆಗೂ ಓಣಿಗೂ ಒಟ್ಟಿಗೆ ಕೇಳುವಂತೆ ಕೂಗಿದ. "ಲಾಲಪ್ಪಗ ಸಕ್ಕರಿ ಬ್ಯಾಡಂತ! ಬೆಲ್ಲ ಹಾಕು! ಬೆಲ್ಲ ಮೈಗಿ ಛಲೋ!"

ಚಮಚ ನೆಟ್ಟಗೆ ನಿಲ್ಲುವಂಥ ಬೆಲ್ಲದ ಚಹಾ ಬಂತು. ಲಾಲಪ್ಪ ಕಣ್ಣು ಮುಚ್ಚಿ ಕುಡಿದ. ಕಾಶೀನಾಥ ಚಪ್ಪಲಿ ಮೆಟ್ಟಿ ಜೊತೆಗೇ ಹೊರಟ.

"ನಮ್ಮ ಮನ್ಯಾಗ ಬೆಲ್ಲದ ಚಾ ಕುಡದಾರ ನೋಡು," ಎಂದು ಪ್ರತಿ ಬಾಗಿಲಲ್ಲೂ ಡಂಗುರ ಹೊಡೆದ. ಕಾಶೀನಾಥನ ಮನೆಯಲ್ಲಿ ಕುಡಿದವನು ತಮ್ಮಲ್ಲಿ ಕುಡಿಯದೆ ಹೋಗುವುದುಂಟೆ? ಎರಡನೆಯ ಮನೆಯಲ್ಲಿ ಎಮ್ಮೆ ಹಾಲಿನ ಚಹಾ. ಮೂರನೆಯ ಮನೆಯಲ್ಲಿ ಯಾಲಕ್ಕಿ ಚಹಾ. ಅಲ್ಲಿ ಲಾಲಪ್ಪ ಯಾರೂ ನೋಡದಾಗ ಕಪ್ಪನ್ನು ಕಿಟಕಿಯಾಚೆ ಸುರಿದ. ಮನೆಯಾಕೆ ತಿರುಗಿ ನೋಡಿದರೆ ಕಪ್ಪು ಖಾಲಿ.

"ಅಯ್ಯ, ಭಾಳ ಸೇರಿತೇನ್ರಿ! ಇನ್ನೊಂದು ತಗೋರಿ," ಎಂದು ತುಂಬಿಯೇಬಿಟ್ಟಳು. ಈ ಸಲ ಎದುರಿಗೇ ಕೂತಳು.

ಐದನೆಯ ಮನೆಯ ಅಂಗಳದಲ್ಲಿ ಆಡು ಕಟ್ಟಿದ್ದರು. ಲಾಲಪ್ಪ ಬಗ್ಗಿ ಚಹಾದ ಬಸಿಯನ್ನು ಅದರ ಮುಂದಿಟ್ಟ. ಆಡು ಚಪ್ಪರಿಸಿ ಕುಡಿಯಿತು. ಮನೆಯ ಮುದುಕಿ ಅದನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡಳು.

"ತನ್ನ ಬಾಯಾಗಿನ ಚಾ ಮೂಕ ಪ್ರಾಣಿಗಿ ಕೊಟ್ಟಾನ. ಇಂಥವರು ಎಲ್ಲಿ ಸಿಗತಾರ! ತಾ, ಇವರಿಗಿ ದೊಡ್ಡ ಗಿಲಾಸಿನಾಗ ತಾ!"

ಲುಂಬಿನಿ ಬರೆದುಕೊಂಡಳು: 'ಸರ್ ಅವರ ಸಮಾನತೆ ಪ್ರಾಣಿಗಳಿಗೂ ವಿಸ್ತರಿಸುತ್ತದೆ.'

ಎಂಟನೆಯ ಮನೆ ಗನಿಸಾಬರದು. ಆ ಹೊತ್ತಿಗೆ ಲಾಲಪ್ಪ ನಡೆದರೆ ಹೊಟ್ಟೆಯಲ್ಲಿ ಚಹಾ ಕುಲುಕುವ ಸದ್ದು ಅವನಿಗೇ ಕೇಳಿಸುತ್ತಿತ್ತು. ಗನಿಸಾಬ ಹರೆಯವನ್ನೆಲ್ಲ ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ಕಳೆದ ಮುದುಕ. ಈಗ ಮೈಮೇಲೆ ಎಲುಬು ಬಿಟ್ಟರೆ ಜಂಬ ಮಾತ್ರ ಉಳಿದಿತ್ತು.

"ಎಪ್ಪತ್ತೊಂದು ವರ್ಷ ಆತು. ಇಲ್ಲೀತನಕ ಒಂದು ಗುಳಿಗಿ ನುಂಗಿಲ್ಲ," ಎಂದ ಗನಿಸಾಬ. "ರಕ್ತ ನೋಡಸಾವ ರೋಗಕ್ಕ ಬಾ ಅಂತ ಕರೀತಾನ." ಮಾತಿನ ನಡುವೆ ತಂಬಿಗೆ ಎತ್ತಿ ಗಟಗಟ ನೀರು ಕುಡಿದ. ಎದ್ದು ಹಿತ್ತಲಿಗೆ ಹೋಗಿಬಂದ. ಮತ್ತೆ ಕುಡಿದ, ಮತ್ತೆ ಹೋಗಿಬಂದ. ಲುಂಬಿನಿ ಅದನ್ನೂ ಬರೆದುಕೊಂಡಳು. ಲಾಲಪ್ಪ ಗಮನಿಸಲಿಲ್ಲ. ಅವನ ಕಣ್ಣು ಗನಿಸಾಬನ ಹೆಂಡತಿ ಶಹರಬಾನು ತಂದ ಶಾವಿಗೆ ಖೀರಿನ ಬಟ್ಟಲ ಮೇಲಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಏನ್ರೀ, ಏನು ಕುಡದ್ರಿ?" ಎಂದಳು ಹಣಮವ್ವ.

"ನೀರು."

"ಬರೇ ನೀರೇನು?"

"ನೀರಿನಂಥಾದ್ದು."

"ಆಗಲಿ. ಸಂಜಿಗಿ ಡಾಕ್ಟರ್‌ಬಾಯಿಗೇ ಫೋನ್ ಹಚ್ಚಿ ಕೇಳತೀನಿ."

ಫೋನು ಇಟ್ಟ ಲಾಲಪ್ಪನಿಗೆ ಬೆವರು ಕಿತ್ತುಕೊಂಡಿತು. ಬೆವರು ಒರೆಸಿಕೊಳ್ಳುವಾಗಲೇ ಪರದೆ ನೆನಪಾಯಿತು. ಹೋದ ವರ್ಷದ ಶಿಬಿರದಲ್ಲಿ ಸೂಜಿ ನೋಡಿ ಹನ್ನೊಂದು ಮಂದಿ ಓಡಿಹೋಗಿದ್ದರು. ಅವರ ಕಷ್ಟ ತನ್ನ ಕಷ್ಟದಂತೆಯೇ ಅರ್ಥವಾಗಿ ಲಾಲಪ್ಪ ಒಂದು ಉಪಾಯ ಹೂಡಿದ್ದ. ಅಡ್ಡಲಾಗಿ ಚಾದರ ಕಟ್ಟುವುದು, ಅದಕ್ಕೊಂದು ತೂತು. ಜನ ಈಚೆಯಿಂದ ತೂತಿನಲ್ಲಿ ಕೈ ತೂರಿಸಬೇಕು. ಆಚೆ ಡಾಕ್ಟರು ಬೆರಳು ಚುಚ್ಚಿ ರಕ್ತ ತೆಗೆಯುತ್ತಾರೆ. ಚುಚ್ಚಿಸಿಕೊಳ್ಳುವವನಿಗೆ ಸೂಜಿ ಕಾಣದು, ಚುಚ್ಚುವವರಿಗೆ ಮುಖ ಕಾಣದು. ಕಾಲೇಜಿನವರು ಆ ಚಾದರದ ಫೋಟೋ ತೆಗೆದುಕೊಂಡು ಹೋಗಿದ್ದರು.

ಲುಂಬಿನಿ ಒಳಗೆ ಶಹರಬಾನುವಿನ ಜೊತೆ ಮಾತಿಗೆ ಕೂತಾಗ ಲಾಲಪ್ಪ ಮುದುಕನ ಪಕ್ಕಕ್ಕೆ ಸರಿದ.

"ಚಾಚಾ, ಸಂಜಿಗಿ ನಿಮ್ಮದೊಂದು ಬೆರಳು ಬೇಕಾಗಿತ್ತು."

ವಿಷಯ ಕೇಳಿ ಗನಿಸಾಬ ಹೊಟ್ಟೆ ಹಿಡಿದು ನಕ್ಕ. "ಹುಲಿ ರಕ್ತ ಅದ ನಂದು. ತಗೋ ಬೇಟಾ. ಆದ್ರ ನನ್ನ ಹೆಸರು ಬರಬಾರದು. ಗನಿಸಾಬ ಡಾಕ್ಟರ ಕಡಿ ಹೋದ ಅಂದ್ರ ಊರಾಗ ನನ್ನ ಇಜ್ಜತ್ ಏನು ಉಳೀತು?"

"ನನ್ನ ಹೆಸರಲೇ ಚಾಚಾ, ನನ್ನ ಹೆಸರಲೇ!" ಎಂದ ಲಾಲಪ್ಪ. ಅಷ್ಟು ಹಗುರಾಗಿ ಅವನು ಮೂರು ತಿಂಗಳಲ್ಲಿ ಉಸಿರಾಡಿರಲಿಲ್ಲ.

ಮಧ್ಯಾಹ್ನದ ಮೇಲೆ ಊರಲ್ಲಿ ಯಾರೂ ಇರಲಿಲ್ಲ. ಹೆಂಗಸರೆಲ್ಲ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಲುಂಬಿನಿ ಬಿಡಲಿಲ್ಲ; ಊಟಕ್ಕೂ ಕೂರದೆ ಹೊಲ ಹೊಲ ಸುತ್ತಿಸಿದಳು. ಐದು ಗಂಟೆಗೆ ಸಮುದಾಯ ಭವನಕ್ಕೆ ಬಂದಾಗ ಲಾಲಪ್ಪನ ಅಂಗಿ ಬೆವರಿನಲ್ಲಿ ಹಿಂಡುವಂತಾಗಿತ್ತು.

ಚಾದರ ಕಟ್ಟಿತ್ತು. ಆಚೆ ಡಾಕ್ಟರ್ ಅತೀಯಾ, ಅವರ ಪಕ್ಕದಲ್ಲಿ ಚೀಟಿ ಬರೆಯುವ ಲುಂಬಿನಿ. ಈಚೆ, ಕಾದು ಕೂತ ಜನರ ಕಣ್ಣಿಗೆ ಬೀಳದ ಮೂಲೆಯಲ್ಲಿ ಲಾಲಪ್ಪ ಮತ್ತು ಗನಿಸಾಬ.

"ಲಾಲಪ್ಪ," ಎಂದು ಕೂಗು ಬಂತು. ಗನಿಸಾಬ ತೂತಿನಲ್ಲಿ ಕೈ ತೂರಿಸಿದ. ಲಾಲಪ್ಪ "ಬಂದೀನ್ರಿ ಮೇಡಂ," ಎಂದ. ಇಬ್ಬರೂ ಸೇರಿ ಒಬ್ಬ ಮನುಷ್ಯನ ಕೆಲಸ ಸಲೀಸಾಗಿ ಮಾಡಿದರು.

ಆಚೆ ಮೀಟರು ಬೀಪ್ ಎಂದಿತು.

"ಇನ್ನೊಂದು ಬೆರಳು ಕೊಡ್ರಿ." ಮತ್ತೊಂದು ಬೀಪ್. ಆಮೇಲೆ ಡಾಕ್ಟರ ದನಿ ಬಂತು. "ಲಾಲಪ್ಪ, ನಾನೂರಾ ಹನ್ನೆರಡು ಅದ! ನೀವು ಹ್ಯಾಂಗ ನಿಂತೀರಿ? ಹಿಂಗೇ ಬಿಟ್ರ ಕಣ್ಣು ಹೋಗ್ತಾವ, ಕಿಡ್ನಿ ಹೋಗ್ತಾವ. ಈಗಿಂದೀಗ ಸೂಜಿ ಶುರು ಮಾಡಬೇಕು."

ಲಾಲಪ್ಪ ಚಾದರದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಗನಿಸಾಬ ಮಾತ್ರ, "ಮಶೀನು ಕೆಟ್ಟದ," ಎಂದು ಪಿಸುಗುಟ್ಟಿ, ಕಿಟಕಿಯಲ್ಲಿದ್ದ ನೀರಿನ ಬಾಟಲಿಯನ್ನು ಒಂದೇ ಗುಕ್ಕಿಗೆ ಖಾಲಿ ಮಾಡಿದ.

ಲಾಲಪ್ಪ ಆ ಬಾಟಲಿ ನೋಡಿದ. ಮುದುಕನ ಮನೆಯ ತಂಬಿಗೆ, ಹಿತ್ತಲಿನ ಓಡಾಟ, ಎಲುಬಿನ ಗೂಡಾದ ಮೈ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಇಪ್ಪತ್ತು ವರ್ಷ ಊರೂರು ತಿರುಗಿ 'ಈ ಲಕ್ಷಣ ಕಂಡರೆ ಪರೀಕ್ಷೆ ಮಾಡಿಸಿ' ಎಂದು ಹೇಳಿದವನು ಅವನೇ. ಸುಮ್ಮನಿದ್ದರೆ ಸೂಜಿ ತನಗೆ, ರೋಗ ಮುದುಕನಿಗೆ. ಬಾಯಿಬಿಟ್ಟರೆ ತನ್ನ ಮರ್ಯಾದೆ ಚಾದರದ ಆಚೆ ಕೂತ ನೋಟುಬುಕ್ಕಿನ ಪಾಲು. ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಆದರೂ ಚಾದರವನ್ನು ಜಗ್ಗಿ ಕೆಳಗೆ ಕೆಡವಿದ.

"ಮೇಡಂ, ಬೆರಳು ನಂದಲ್ಲರಿ. ಚಾಚಾಂದು."

ಭವನ ಗೊಳ್ಳೆಂದಿತು. "ಬೆರಳೂ ಕೈಗಡ ತಗೋತಾರೇನೋ ಲಾಲಪ್ಪ!" ಎಂದು ಕಾಶೀನಾಥ ತೊಡೆ ಬಡಿದುಕೊಂಡು ನಕ್ಕ. ಲುಂಬಿನಿ ನಗಲಿಲ್ಲ; ಬರೆಯುತ್ತಿದ್ದಳು.

ಡಾಕ್ಟರು ಲಾಲಪ್ಪನನ್ನು ಕೈಹಿಡಿದು ಕೂರಿಸಿ, ಎಲ್ಲರೆದುರಿಗೇ ಬೆರಳು ಚುಚ್ಚಿದರು. ಅವನು ಚಾವಣಿಯ ಜೇಡರ ಬಲೆ ಎಣಿಸುತ್ತಾ ಕೂತ.

"ನೂರಾ ಎಂಬತ್ತನಾಕು!" ಎಂದು ಡಾಕ್ಟರು ಮೀಟರು ತಿರುಗಿಸಿ ತೋರಿಸಿದರು. "ಮೂರು ತಿಂಗಳು ಪಥ್ಯ ಮಾಡೀರಿ, ಇವತ್ತ ಬಿಸಲಾಗ ಭಾಳ ನಡದೀರಿ. ನಿಮಗ ಸೂಜಿ ಬ್ಯಾಡ. ಸುಮ್ಮನ ನಿಮ್ಮ ಬೆರಳೇ ಕೊಟ್ಟಿದ್ರ ಆಗ್ತಿತ್ತಲ್ಲರಿ?"

ಲಾಲಪ್ಪನಿಗೆ ಕುಣಿಯಬೇಕೆನಿಸಿತು. ಎದ್ದೂ ನಿಂತ. ಆದರೆ ಎದುರಿನ ಬೆಂಚಿನ ಮೇಲೆ ಗನಿಸಾಬ ಕಾಲು ಮಡಚಿ ಕೂತಿದ್ದ. ಹುಲಿಯ ಮುಖ ಇಷ್ಟು ಸಣ್ಣಗಾಗಿತ್ತು. ಸುದ್ದಿ ಕೇಳಿ ಓಡಿಬಂದ ಶಹರಬಾನು ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

"ದಿನಾ ಮುಂಜಾನಿ ಒಂದು ಸೂಜಿ ಚಾಚಾ," ಎಂದರು ಡಾಕ್ಟರು. "ಮೂರು ತಿಂಗಳು ತಗೋರಿ. ಆಮ್ಯಾಲ ಗುಳಿಗಿಗೆ ಇಳಸೋಣು."

"ಒಲ್ಲೆ."

ಡಾಕ್ಟರು ಹೇಳಿದರು, ಶಹರಬಾನು ಬೇಡಿಕೊಂಡಳು, ಕಾಶೀನಾಥ ಭಾಷಣ ಮಾಡಿದ. ಒಲ್ಲೆ ಎಂದರೆ ಒಲ್ಲೆ. ಕೊನೆಗೆ ಮುದುಕ ತಲೆಯೆತ್ತಿ ಲಾಲಪ್ಪನನ್ನು ಬೆರಳು ಮಾಡಿ ತೋರಿಸಿದ. ಅದೇ ಬೆರಳು.

"ಇವಾ ಹಾಕಿದ್ರ ಹಾಕಿಸ್ಕೋತೀನಿ. ನನ್ನ ಕರಕೊಂಡು ಬಂದಾವ ಇವಾ. ಬ್ಯಾರೆ ಯಾರ ಕೈಲೇನೂ ಒಲ್ಲೆ."

ಲಾಲಪ್ಪ ಬಾಯಿ ತೆರೆದ. ಬೇಡ ಎನ್ನಬೇಕಿತ್ತು. ಆದರೆ ಆ ಮಾತು ಅವನ ಬಾಯಿಗೆ ಎಂದೂ ಬಂದದ್ದಿಲ್ಲವಲ್ಲ. ಡಾಕ್ಟರು ಅಲ್ಲೇ ಒಂದು ಮೂಸಂಬಿ ಹಣ್ಣು ತರಿಸಿ ಅವನಿಗೆ ಸೂಜಿ ಹಿಡಿಯುವುದನ್ನು ಕಲಿಸಿದರು. ಮೂಸಂಬಿಗಿಂತ ಅವನೇ ಹೆಚ್ಚು ನಡುಗಿದ. ಹಣಮವ್ವ ಫೋನಿನಲ್ಲಿ ಎಲ್ಲ ಕೇಳಿ, ತನ್ನ ಕೆಲಸ ಬೇರೆಯವರ ಪಾಲಾಯಿತೆಂದು ಬೇಜಾರು ಮಾಡಿಕೊಂಡಳು.

ಲುಂಬಿನಿ ಕೊನೆಯ ಪುಟವನ್ನು ಸಹಿಗೆ ಮುಂದಿಟ್ಟಳು. 'ಮೇಲ್ವಿಚಾರಕರಿಂದ ಕಲಿತದ್ದು: ಯಾರ ಮನೆಯಲ್ಲೂ ಚಹಾ ಬೇಡ ಎನ್ನಬಾರದು. ಪರದೆಗೆ ತೂತು ಮಾಡಬಾರದು. ತಪ್ಪು ಮಾಡಿದರೆ ಪರದೆಯನ್ನು ತಾವೇ ಕೆಡವಬೇಕು.' ಲಾಲಪ್ಪ ಎರಡು ಸಲ ಓದಿ, ಮೂಗು ಒರೆಸಿಕೊಂಡು ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಅವನು ಗುಂಡಗುರ್ತಿಯಲ್ಲಿ ಇಳಿದ. ಗನಿಸಾಬ ಅಂಗಿ ಎತ್ತಿಕೊಂಡು, ಕಣ್ಣು ಮುಚ್ಚಿ, ಕಟ್ಟೆಯ ಮೇಲೆ ಕಾದಿದ್ದ. ಲಾಲಪ್ಪನೂ ಕಣ್ಣು ಮುಚ್ಚಿದ. ಇಬ್ಬರಲ್ಲಿ ಒಬ್ಬರಾದರೂ ಕಣ್ಣು ಬಿಡಬೇಕೆಂದು ಶಹರಬಾನು ಬೈದ ಮೇಲೆ ಲಾಲಪ್ಪ ಒಂದೇ ಕಣ್ಣು ಬಿಟ್ಟು ಕೆಲಸ ಮುಗಿಸಿದ. ಮುದುಕ ನೋಯಲಿಲ್ಲ ಎಂದ. ಲಾಲಪ್ಪ ಗೋಡೆಗೆ ಒರಗಿ ಕೂತು, ಇನ್ನು ಎಂಬತ್ತೊಂಬತ್ತು ದಿನ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅವು ಮುಗಿಯುವ ದಿನವೇ ತನ್ನ ಮುಂದಿನ ತಪಾಸಣೆಯೂ.

ಶಹರಬಾನು ಒಳಗಿನಿಂದ ಅಂಚಿನವರೆಗೆ ತುಂಬಿದ ದೊಡ್ಡ ಗಿಲಾಸನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಕುಡಿ ಬೇಟಾ. ನಿಮ್ಮ ಚಾಚಾಗ ಡಾಕ್ಟರು ಸಕ್ಕರಿ ಬಂದ್ ಮಾಡ್ಯಾರ. ಮನ್ಯಾಗ ಸಕ್ಕರಿ ಸುಮ್ಮನ ಯಾಕ ಕೂಡಬೇಕು ಅಂತ, ಅವರ ಪಾಲಿಂದೂ ನಿನಗೇ ಹಾಕೀನಿ."